ಹೊಗೆ ಕಂಡಲ್ಲೆಲ್ಲ ಆಮ್ಲಜನಕ ಬೇಕಿಲ್ಲ

ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಅಂದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ. ಗಾಳಿಯಲ್ಲಿ ಆಮ್ಲಜನಕ ಇರುವುದೇ ಐದರಲ್ಲಿ ಒಂದು ಪಾಲು. ಆದ್ದರಿಂದ ಶುದ್ಧ ಆಮ್ಲಜನಕವನ್ನೇ ಒಲೆಗೆ ಹಾಯಿಸಿದರೆ ಉರುವಲು ಉಳಿಯುತ್ತದೆ, ಹೊಗೆ ಹೋಗುತ್ತದೆ, ಕೆಲಸ ಬೇಗ ಆಗುತ್ತದೆ. ಈ ತರ್ಕವನ್ನು ನಮ್ಮಲ್ಲಿ ಅನುಮಾನಿಸುವವರು ಕಡಿಮೆ. ಆರಿಹೋಗುತ್ತಿರುವ ಊದಿನಕಡ್ಡಿಯನ್ನು ಆಮ್ಲಜನಕದ ಜಾಡಿಗೆ ಇಳಿಸಿದಾಗ ಅದು ಭಗ್ಗನೆ ಹೊತ್ತಿಕೊಂಡದ್ದನ್ನು ಶಾಲೆಯಲ್ಲಿ ನೋಡಿದವರಿಗೆ ಅನುಮಾನ ಬರುವುದಾದರೂ ಹೇಗೆ? ಜಾಡಿಯಲ್ಲಿ ಕಂಡದ್ದು ನಿಜವೇ. ಆದರೆ ಅದನ್ನು ಹಾಗೆಯೇ ಎತ್ತಿ ತಂದು ಉಮರ್ಗಾದ ಬೆಲ್ಲದ ಒಲೆಗೆ, ನಿಲಂಗಾದ ಇಟ್ಟಂಗಿ ಭಟ್ಟಿಗೆ, ಉದಗೀರದ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಅನ್ವಯಿಸುವುದು ತಪ್ಪು ಎಂಬುದು ನನ್ನ ವಾದ. ಈ ಸೀಮೆಯ ಬೆಂಕಿಗೆ ಆಮ್ಲಜನಕದ ಕೊರತೆ ಇಲ್ಲ. ಬೇಡದ ಗಾಳಿ ವಿಪರೀತ ಒಳನುಗ್ಗುತ್ತಿದೆ, ಬೇಕಾದ ಜಾಗಕ್ಕೆ ಅದು ತಲುಪುತ್ತಿಲ್ಲ, ಉರುವಲಿನಲ್ಲಿ ನೀರು ತುಂಬಿದೆ. ಈ ಮೂರರಲ್ಲಿ ಯಾವುದಕ್ಕೂ ಸಿಲಿಂಡರು ಮದ್ದಲ್ಲ.

ಈಗ ಮಹಾರಾಷ್ಟ್ರದಲ್ಲಿರುವ ಈ ಮೂರು ತಾಲೂಕುಗಳನ್ನು ಹೆಸರಿಸಿ ಹೇಳಲು ಕಾರಣವಿದೆ. ನಿಲಂಗಾ, ಉದಗೀರಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲೇ ಇದ್ದವು. ಉಮರ್ಗಾಕ್ಕೆ ಆಳಂದ, ಬಸವಕಲ್ಯಾಣಗಳು ನೆರೆಯೂರುಗಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬದುಕುವ ಊರುಗಳು ಇಲ್ಲಿ ಇಂದಿಗೂ ಇವೆ. ಕಬ್ಬಿಗಂತೂ ಗಡಿ ಗೊತ್ತಿಲ್ಲ. ಯಾರು ಬೇಗ ಕಡಿಸುತ್ತಾರೋ, ಯಾರು ಬೇಗ ಬಿಲ್ಲು ಕೊಡುತ್ತಾರೋ ಅವರ ಕಡೆ ಗಾಡಿ ಹೊರಡುತ್ತದೆ. ಉಮರ್ಗಾ ತಾಲೂಕಿನ ಮುರುಮ್‌ನಲ್ಲಿ ವಿಠ್ಠಲಸಾಯಿ ಸಹಕಾರಿ ಕಾರ್ಖಾನೆ, ನಿಲಂಗಾ ತಾಲೂಕಿನ ಅಂಬುಲಗಾದಲ್ಲಿ ಒಂದು, ಉದಗೀರದ ಬಳಿ ತೊಂಡಾರದಲ್ಲಿ ಇನ್ನೊಂದು, ಗಡಿಯ ಈಚೆ ಭಾಲ್ಕಿ, ಹಳ್ಳಿಖೇಡ, ಜನವಾಡಾಗಳಲ್ಲಿ ಮತ್ತಷ್ಟು. ಇವುಗಳ ನಡುನಡುವೆ ಹೊಲದ ಬದುವಿನಲ್ಲಿ ಬೆಲ್ಲದ ಗಾಣಗಳು, ಊರಾಚೆ ಇಟ್ಟಂಗಿ ಭಟ್ಟಿಗಳು. ದೊಡ್ಡ ಉಕ್ಕಿನ ಕುಲುಮೆಯಾಗಲಿ, ಗಾಜಿನ ಕಾರ್ಖಾನೆಯಾಗಲಿ ಈ ನೆಲದಲ್ಲಿಲ್ಲ. ಉಕ್ಕಿನವರಿಗೆ, ಗಾಜಿನವರಿಗೆ ಹೊಂದುವ ಮಾತನ್ನು ಇವರಿಗೂ ಹೇಳುವುದರಲ್ಲೇ ಮೊದಲ ಎಡವಟ್ಟು ಇರುವುದು.

ಆಮ್ಲಜನಕ ಯಾರಿಗೆ ನಿಜವಾಗಿ ಬೇಕು ಎಂಬುದನ್ನು 2021ರ ಏಪ್ರಿಲ್ ತಿಂಗಳು ಇಡೀ ದೇಶಕ್ಕೆ ತೋರಿಸಿತು. ಕೋವಿಡ್‌ನ ಎರಡನೇ ಅಲೆಯಲ್ಲಿ ಆಸ್ಪತ್ರೆಗಳು ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಏಪ್ರಿಲ್ 22ರಿಂದ ಕೈಗಾರಿಕೆಗಳಿಗೆ ಆಮ್ಲಜನಕ ಕೊಡುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ಒಂಬತ್ತು ಬಗೆಯ ಉದ್ಯಮಗಳಿಗೆ ಮಾತ್ರ ವಿನಾಯಿತಿ: ಔಷಧ, ಅದರ ಗಾಜಿನ ಶೀಶೆಗಳು, ಪೆಟ್ರೋಲಿಯಂ ಸಂಸ್ಕರಣೆ, ಉಕ್ಕು, ಅಣುಶಕ್ತಿ, ಸಿಲಿಂಡರು ತಯಾರಿಕೆ, ಕೊಳಚೆ ನೀರಿನ ಶುದ್ಧೀಕರಣ, ಆಹಾರ ಮತ್ತು ಕುಡಿಯುವ ನೀರು, ಹಾಗೂ ನಡುವೆ ನಿಲ್ಲಿಸಲಾಗದ ಕುಲುಮೆಗಳಿರುವ ಉದ್ಯಮಗಳು. ಕೆಲವೇ ದಿನಗಳಲ್ಲಿ ಈ ವಿನಾಯಿತಿಯನ್ನೂ ಬಿಗಿ ಮಾಡಿದರು. ಆ ಪಟ್ಟಿಯನ್ನು ಅವಸರದಲ್ಲಿ ಮಾಡಿದ್ದಿರಬಹುದು, ಆದರೂ ಅದರಷ್ಟು ಪ್ರಾಮಾಣಿಕವಾದ ಲೆಕ್ಕಪತ್ರ ಬೇರೆ ಸಿಗುವುದಿಲ್ಲ. ಆಮ್ಲಜನಕವಿಲ್ಲದೆ ಯಾರ ಕೆಲಸ ನಿಲ್ಲುತ್ತದೆ ಎಂದು ಕೇಳಿದಾಗ ಎದ್ದು ಬಂದ ಹೆಸರುಗಳು ಅವು. ಬೆಲ್ಲದ ಒಲೆ, ಇಟ್ಟಂಗಿ ಭಟ್ಟಿ, ಸಕ್ಕರೆ ಕಾರ್ಖಾನೆಯ ಬಾಯ್ಲರುಗಳನ್ನು ಅಲ್ಲಿ ಯಾರೂ ಸೇರಿಸಲಿಲ್ಲ. ಸೇರಿಸಿ ಎಂದು ಕೇಳುವ ಪ್ರಮೇಯವೂ ಇರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಈ ಸೀಮೆಯೇ ಆಮ್ಲಜನಕದ ಸುದ್ದಿಯಾಯಿತು. ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಕಳಂಬ ತಾಲೂಕಿನ ಚೋರಾಖಳಿಯಲ್ಲಿರುವ ಧಾರಾಶಿವ ಸಕ್ಕರೆ ಕಾರ್ಖಾನೆ ತನ್ನ ಎಥನಾಲ್ ಘಟಕವನ್ನು ಬದಲಿಸಿಕೊಂಡು ವೈದ್ಯಕೀಯ ಆಮ್ಲಜನಕ ತಯಾರಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಸಕ್ಕರೆ ಕಾರ್ಖಾನೆ ಅದೆಂದು ಪತ್ರಿಕೆಗಳು ಬರೆದವು. ಎಥನಾಲಿನಿಂದ ಕೊನೆಯ ನೀರಿನಂಶ ತೆಗೆಯಲು ಝಿಯೋಲೈಟ್ ಎಂಬ ಸೂಕ್ಷ್ಮರಂಧ್ರದ ಹರಳನ್ನು ಬಳಸುತ್ತಾರೆ. ಬೇರೆ ಬಗೆಯ ಝಿಯೋಲೈಟ್ ತುಂಬಿ ಒತ್ತಡದ ಗಾಳಿ ಹಾಯಿಸಿದರೆ ಅದು ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಕಷ್ಟದ ದಿನಗಳಲ್ಲಿ ಮಾಡಿದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದನ್ನು ಹಿಡಿದುಕೊಂಡೇ ಒಂದು ತಪ್ಪು ತೀರ್ಮಾನ ಹುಟ್ಟುತ್ತದೆ: ಸಕ್ಕರೆ ಕಾರ್ಖಾನೆಯೇ ಆಮ್ಲಜನಕ ತಯಾರಿಸಬಹುದಾದರೆ ಅದನ್ನು ತನ್ನ ಬಾಯ್ಲರಿಗೇ ಏಕೆ ಕೊಡಬಾರದು? ಆ ವರ್ಷ ದೇಶದಾದ್ಯಂತ ಆಸ್ಪತ್ರೆಗಳಲ್ಲಿ ಕೂಡಿಸಿದ, ಇದೇ ರೀತಿ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಸಾವಿರಕ್ಕೂ ಹೆಚ್ಚು ಪಿಎಸ್‌ಎ ಘಟಕಗಳು ಸುಮ್ಮನೆ ನಿಂತಿದ್ದರೆ ಅವನ್ನಾದರೂ ಏಕೆ ದುಡಿಸಬಾರದು?

ಇದಕ್ಕೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ಕಬ್ಬಿನ ಸಿಪ್ಪೆ, ಕಾರ್ಖಾನೆಯವರು ಬಗ್ಯಾಸ್ ಎನ್ನುವುದು, ಗಾಣದಿಂದ ಹೊರಬರುವಾಗ ಅರ್ಧಕ್ಕರ್ಧ ನೀರು. ಅಂಥ ಒಂದು ಕಿಲೋ ಬಗ್ಯಾಸ್ ಪೂರ್ತಿ ಉರಿಯಲು ಸುಮಾರು 0.67 ಕಿಲೋ ಆಮ್ಲಜನಕ ಬೇಕು. ದಿನಕ್ಕೆ 2,500 ಟನ್ ಕಬ್ಬು ಅರೆಯುವ ಕಾರ್ಖಾನೆ, ಇಂದಿನ ಲೆಕ್ಕಕ್ಕೆ ಸಣ್ಣದೇ, ಗಂಟೆಗೆ 30 ಟನ್ ಬಗ್ಯಾಸ್ ಉರಿಸುತ್ತದೆ ಎಂದುಕೊಳ್ಳೋಣ. ಅದರ ಬೆಂಕಿ ಗಂಟೆಗೆ 20 ಟನ್ ಆಮ್ಲಜನಕ ತಿನ್ನುತ್ತದೆ. ಆಸ್ಪತ್ರೆಯಲ್ಲಿ ನಾವು ಕಂಡ ಜಂಬೋ ಸಿಲಿಂಡರಿನಲ್ಲಿ ಹತ್ತು ಕಿಲೋದೊಳಗೇ ಇರುವುದು. ಅಂದರೆ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಸಿಲಿಂಡರು. ನಿಮಿಷಕ್ಕೆ ಸಾವಿರ ಲೀಟರಿನ ಒಂದು ಪಿಎಸ್‌ಎ ಘಟಕ ಇಡೀ ಗಂಟೆ ದುಡಿದು ಕೊಡುವುದು ಹೆಚ್ಚೆಂದರೆ 80 ಕಿಲೋ. ಆ ಬಾಯ್ಲರು ಅದನ್ನು ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತದೆ. ಹೊರಗಿನ ಗಾಳಿ ಇಷ್ಟನ್ನೂ ಪುಕ್ಕಟೆಯಾಗಿ ತಂದುಕೊಡುತ್ತಿದೆ ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಸ್ಪತ್ರೆಯ ಘಟಕ ಆಸ್ಪತ್ರೆಯಲ್ಲೇ ಸುಸ್ಥಿತಿಯಲ್ಲಿ ಇರಲಿ.

ಪೂರ್ತಿ ಬೇಡ, ಗಾಳಿಗೆ ಸ್ವಲ್ಪ ಬೆರೆಸಿದರೆ ಸಾಕು ಎನ್ನುವವರಿದ್ದಾರೆ. ಈ ಮಾತು ಹೆಚ್ಚು ಗಂಭೀರವಾದದ್ದು, ಅದಕ್ಕೂ ಲೆಕ್ಕವಿದೆ. ಗಾಳಿಯಲ್ಲಿನ ಆಮ್ಲಜನಕವನ್ನು ಶೇ. 21ರಿಂದ 23ಕ್ಕೆ ಏರಿಸಬೇಕೆಂದರೆ ಅದೇ ಬಾಯ್ಲರಿಗೆ ಗಂಟೆಗೆ ಸುಮಾರು 3 ಟನ್ ಶುದ್ಧ ಆಮ್ಲಜನಕ ಹಾಕಬೇಕು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಲು ಕಿಲೋಗೆ 0.3ರಿಂದ 0.4 ಯೂನಿಟ್ ವಿದ್ಯುತ್ ಬೇಕು. ಅಂದರೆ ಗಂಟೆಗೆ ಸಾವಿರ ಯೂನಿಟ್ ಆಸುಪಾಸು. ಪ್ರತಿಫಲವಾಗಿ ಸಿಗುವುದೇನು? ಬಾಯ್ಲರಿನ ಚಿಮಣಿಯಿಂದ 150 ಡಿಗ್ರಿಯಲ್ಲಿ ಹೊರಹೋಗುವ ಸಾರಜನಕ ಒಟ್ಟು ಶಾಖದಲ್ಲಿ ಒಯ್ಯುವುದು ಸುಮಾರು ಶೇ. 4. ಅದರಲ್ಲಿ ಒಂಬತ್ತನೇ ಒಂದು ಪಾಲಷ್ಟೇ ತಪ್ಪುತ್ತದೆ. ಆ ಉಳಿಕೆಯನ್ನು ಟರ್ಬೈನಿಗೆ ಕೊಟ್ಟರೆ ನೂರು ಯೂನಿಟ್ ಕೂಡ ಹುಟ್ಟುವುದಿಲ್ಲ. ಸಾವಿರ ಕೊಟ್ಟು ನೂರು ಪಡೆಯುವ ವ್ಯಾಪಾರವನ್ನು ಇಂಧನ ಉಳಿತಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಶುದ್ಧ ಆಮ್ಲಜನಕದಲ್ಲೇ ಉರಿಸುತ್ತೇವೆ ಎಂದರೆ ಇನ್ನೂ ಕಷ್ಟ. ಒಂದು ಟನ್ ಬಗ್ಯಾಸ್‌ನಿಂದ ಹುಟ್ಟುವುದೇ 400–450 ಯೂನಿಟ್ ವಿದ್ಯುತ್, ಅದರಲ್ಲಿ ಅರ್ಧದಷ್ಟು ಆಮ್ಲಜನಕ ತಯಾರಿಕೆಗೇ ಹೋಗುತ್ತದೆ.

ಹಾಗಾದರೆ ಆಮ್ಲಜನಕದ ಕುಲುಮೆಗಳನ್ನು ನಡೆಸುವವರಿಗೆ ಈ ಲೆಕ್ಕ ಬಾರದೇ? ಚೆನ್ನಾಗಿಯೇ ಬರುತ್ತದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ 1999ರಲ್ಲಿ ಕೋರೆಕ್ಸ್ ವಿಧಾನದಿಂದ ಕಬ್ಬಿಣ ಕರಗಿಸಲು ಆರಂಭಿಸಿತು. ಕೋಕ್ ಮಾಡಿಕೊಳ್ಳದೆ ಕಲ್ಲಿದ್ದಲನ್ನೇ ನೇರವಾಗಿ, ಹೆಚ್ಚುಕಡಿಮೆ ಶುದ್ಧ ಆಮ್ಲಜನಕದಲ್ಲಿ ಅನಿಲವಾಗಿಸುವ ವಿಧಾನ ಅದು. ಅಲ್ಲಿ ಸಾಮಾನ್ಯ ಗಾಳಿ ಹಾಯಿಸಿದರೆ ಸಾರಜನಕ ತುಂಬಿ ಅನಿಲ ತೆಳುವಾಗುತ್ತದೆ, ಶಾಖ ಸಾಲದು, ಕೆಲಸವೇ ನಡೆಯದು. ಮುಂದೆ ಕರಗಿದ ಕಬ್ಬಿಣವನ್ನು ಉಕ್ಕಾಗಿಸುವ ಎಲ್‌ಡಿ ಕನ್ವರ್ಟರಿನಲ್ಲಿ ಆಮ್ಲಜನಕಕ್ಕೆ ಉರುವಲು ಉರಿಸುವ ಕೆಲಸವೇ ಇಲ್ಲ. ಕಬ್ಬಿಣದೊಳಗಿನ ಶೇ. 4ರಷ್ಟು ಇಂಗಾಲವನ್ನು ಸುಟ್ಟು ತೆಗೆಯುವುದು ಅದರ ಕೆಲಸ. ಒಂದು ಟನ್ ಉಕ್ಕಿಗೆ ಐವತ್ತು ಘನ ಮೀಟರಿನಷ್ಟು ಸಾಕು. ಹತ್ತೊಂಬತ್ತನೇ ಶತಮಾನದಲ್ಲಿ ಬೆಸೆಮರ್ ಇದೇ ಕೆಲಸವನ್ನು ಗಾಳಿ ಊದಿ ಮಾಡಿದಾಗ ಗಾಳಿಯ ಸಾರಜನಕ ಉಕ್ಕಿನೊಳಗೆ ಸೇರಿ ಅದನ್ನು ಗಡುಸು ಮಾಡುತ್ತಿತ್ತು, ಬಾಗಿಸಿದರೆ ಮುರಿಯುತ್ತಿತ್ತು. ಆಸ್ಟ್ರಿಯಾದ ಲಿನ್ಜ್ ಮತ್ತು ಡೊನಾವಿಟ್ಜ್‌ಗಳಲ್ಲಿ 1950ರ ದಶಕದ ಆರಂಭದಲ್ಲಿ ಶುದ್ಧ ಆಮ್ಲಜನಕ ಊದುವ ವಿಧಾನ ನೆಲೆಗೊಂಡ ಮೇಲೆ ಆ ತೊಡಕು ನೀಗಿತು. ಎರಡನೇ ಅಲೆಯ ಹೊತ್ತಿಗೆ ತೋರಣಗಲ್ಲು ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಕಳುಹಿಸಲು ಸಾಧ್ಯವಾದದ್ದು ಅಲ್ಲಿ ಇಷ್ಟೆಲ್ಲ ದೊಡ್ಡ ಅಗತ್ಯ, ದೊಡ್ಡ ಘಟಕ ಮೊದಲೇ ಇದ್ದುದರಿಂದ.

ಎಲ್ಲವೂ ನಿಂತಿರುವುದು ಸಾರಜನಕದ ಮೇಲೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇರುವ ಅದು ಉರಿಯುವುದಿಲ್ಲ, ಉರಿಸುವುದಿಲ್ಲ. ಒಲೆಗೆ ತಣ್ಣಗೆ ಬಂದು ಬಿಸಿಯಾಗಿ ಹೊರಬೀಳುತ್ತದೆ. ಎಷ್ಟು ಬಿಸಿಯಾಗಿ ಹೊರಬಿತ್ತು ಎಂಬುದರ ಮೇಲೆ ನಷ್ಟ ನಿಂತಿದೆ. ಗಾಜು ಕರಗಿಸುವ ಕುಲುಮೆಯಿಂದ ಅನಿಲ 1,400 ಡಿಗ್ರಿಯಲ್ಲಿ ಹೊರಬಂದರೆ ಸಾರಜನಕ ಹೊತ್ತೊಯ್ಯುವ ಶಾಖ ಅಪಾರ, ಅದನ್ನು ಒಳಗೇ ಬಿಡದಿರುವುದು ಬುದ್ಧಿವಂತಿಕೆ. ಜ್ವಾಲೆಯೂ ತೀಕ್ಷ್ಣವಾಗುತ್ತದೆ: ಮೀಥೇನ್ ಗಾಳಿಯಲ್ಲಿ ಉರಿದರೆ 1,950 ಡಿಗ್ರಿಯ ಸುತ್ತ, ಆಮ್ಲಜನಕದಲ್ಲಾದರೆ 2,800ರ ಹತ್ತಿರ. ಉಕ್ಕಿಗೆ 1,600 ಡಿಗ್ರಿ ಬೇಕು, ಅಲ್ಲಿ ಈ ತೀಕ್ಷ್ಣತೆಗೆ ಬೆಲೆಯಿದೆ. ಬೆಲ್ಲ ಹದಕ್ಕೆ ಬರುವುದು 118 ಡಿಗ್ರಿಯಲ್ಲಿ. ಇಟ್ಟಂಗಿ ಬೇಯುವುದು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ. ಬಾಯ್ಲರಿನ ಉಗಿ ಹೆಚ್ಚೆಂದರೆ ಐನೂರರ ಆಸುಪಾಸಿನದು.

ಈಗ ಬೆಲ್ಲದ ಒಲೆಗೆ ಬರೋಣ. ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಸಕ್ಕರೆ ಕಾರ್ಖಾನೆಯ ಬಾಯ್ಲರು ಹೊರಬಿಡುವ ಅನಿಲದ ಶಾಖವನ್ನು ಮತ್ತೆ ಗಾಳಿ ಕಾಯಿಸಲು, ನೀರು ಕಾಯಿಸಲು ಬಳಸಿಕೊಳ್ಳುತ್ತದೆ. ಬೆಲ್ಲದ ಒಲೆಗೆ ಆ ಅನುಕೂಲ ಇಲ್ಲ. ಕೊಪ್ಪರಿಗೆಯ ತಳ ಸವರಿಕೊಂಡು ಹೋದ ಅನಿಲ ಐನೂರು, ಆರುನೂರು ಡಿಗ್ರಿಯಲ್ಲೇ ಚಿಮಣಿ ಸೇರುತ್ತದೆ. ಹಾಗಾದರೆ ಸಾರಜನಕದಿಂದಾಗುವ ನಷ್ಟ ಇಲ್ಲಿ ದೊಡ್ಡದೇ, ಆಮ್ಲಜನಕಕ್ಕೆ ಇಲ್ಲಾದರೂ ಅರ್ಥವಿದೆ ಎಂದು ತಿಳಿದವರು ಕೇಳಬಹುದು. ಒಪ್ಪುತ್ತೇನೆ, ನಷ್ಟ ದೊಡ್ಡದು. ಆದರೆ ಅದರಲ್ಲಿ ಎಷ್ಟು ಪಾಲು ಬೇಕಾದ ಗಾಳಿಯದು, ಎಷ್ಟು ಬೇಡದ ಗಾಳಿಯದು ಎಂದು ಬಿಡಿಸಿ ನೋಡಬೇಕು. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಒಂದು ಕಿಲೋ ಸಿಪ್ಪೆಗೆ ಐದೂವರೆ ಕಿಲೋ ಗಾಳಿ ಸಾಕು. ಬಾಯಿ ತೆರೆದ ಒಲೆಯಲ್ಲಿ, ಎತ್ತರದ ಚಿಮಣಿ ಸೆಳೆಯುತ್ತಿರುವಾಗ, ಅದರ ಎರಡರಷ್ಟು ಗಾಳಿ ಒಳಬರುವುದು ಸಾಮಾನ್ಯ ಸಂಗತಿ. ಹೀಗೆ ಬಂದ ಹೆಚ್ಚುವರಿ ಐದೂವರೆ ಕಿಲೋ ಗಾಳಿಯನ್ನು ಆರುನೂರು ಡಿಗ್ರಿಗೆ ಕಾಯಿಸಿ ಹೊರದಬ್ಬಲು ಆ ಒಂದು ಕಿಲೋ ಸಿಪ್ಪೆಯ ಶಾಖದಲ್ಲಿ ಐದನೇ ಒಂದು ಪಾಲು ಖರ್ಚಾಗುತ್ತದೆ. ಮೂರರಷ್ಟು ಬಂದರೆ ಐದರಲ್ಲಿ ಎರಡು ಪಾಲು. ಚಿಮಣಿಗೊಂದು ತಗಡಿನ ಡ್ಯಾಂಪರ್, ಒಲೆಯ ಬಾಯಿಗೊಂದು ಕಬ್ಬಿಣದ ಬಾಗಿಲು, ಗೋಡೆಯ ಬಿರುಕಿಗೆ ಮಣ್ಣು: ಈ ಖರ್ಚನ್ನು ತಡೆಯಲು ಬೇಕಾದ ಸಾಮಾನು ಇಷ್ಟೇ. ಗಾಳಿ ಕಡಿಮೆ ಮಾಡಿ ಉಳಿಸಬಹುದಾದ ಶಾಖಕ್ಕಾಗಿ ಆಮ್ಲಜನಕ ಕೊಳ್ಳಿ ಎಂದು ರೈತನಿಗೆ ಹೇಳುವುದು ಅನ್ಯಾಯ.

ಆದರೂ ಹೊಗೆ ಬರುತ್ತದಲ್ಲ? ಗಾಳಿ ಅಷ್ಟು ಹೆಚ್ಚಿದ್ದರೆ ಕಪ್ಪು ಹೊಗೆ ಏಕೆ? ಒಲೆಯ ಮುಂದೆ ಕೂತು ಸಿಪ್ಪೆ ತುರುಕುವವರನ್ನು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ: “ಹೊಗಿ ಹೊಂಟದಂದ್ರ ಗಾಳಿ ಕಮ್ಮಿ ಬಿದ್ದದ್ರಿ, ಇನ್ನೇನದ?” ನಾನು ಗೌರವಿಸುವ ಉತ್ತರ ಇದು. ಅವರ ಕಣ್ಣಿಗೆ ಕಂಡದ್ದನ್ನು ಅವರು ಸರಿಯಾಗಿಯೇ ಹೇಳುತ್ತಿದ್ದಾರೆ. ಪುಸ್ತಕ ಓದಿದವರು ಅದನ್ನು ತಪ್ಪಾಗಿ ವಿಸ್ತರಿಸಿ, ಇಡೀ ಒಲೆಗೇ ಆಮ್ಲಜನಕ ಸಾಲದು ಎಂದು ಮಾಡಿಬಿಟ್ಟಿದ್ದಾರೆ. ಸಿಪ್ಪೆಯಲ್ಲಿ ಉರಿಯುವ ಭಾಗ ಹೇಗಿರುತ್ತದೆ ನೋಡಿ. ಒಣ ಸಿಪ್ಪೆಯ ತೂಕದಲ್ಲಿ ಸುಮಾರು ಶೇ. 80 ಭಾಗ ಬಿಸಿ ತಗುಲಿದ ಕೂಡಲೇ ಅನಿಲವಾಗಿ ಎದ್ದು ಬರುತ್ತದೆ, ಕೆಂಡವಾಗಿ ಉಳಿಯುವುದು ಸ್ವಲ್ಪ. ಒಂದು ಕಂತೆ ಸಿಪ್ಪೆ ಒಳಗೆ ಬಿದ್ದ ಮರುಕ್ಷಣವೇ ಆ ಅನಿಲವೆಲ್ಲ ಒಮ್ಮೆಗೇ ಏಳುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ, ಕಂತೆಯ ಮೇಲ್ಭಾಗದಲ್ಲಿ, ಅದಕ್ಕೆ ಗಾಳಿ ಬೇಕು. ಗಾಳಿ ಬರುತ್ತಿರುವುದು ಎಲ್ಲಿಂದ? ತೆರೆದ ಬಾಯಿಯಿಂದ ತಣ್ಣಗೆ ನುಗ್ಗಿ, ಅನಿಲದ ಜೊತೆ ಬೆರೆಯದೆ, ನೆಲಕ್ಕೆ ಅಂಟಿಕೊಂಡಂತೆ ಹರಿದು ಚಿಮಣಿಗೆ ಹೋಗುತ್ತದೆ. ಕೆಳಗಿನ ಜಾಳಿಗೆಯೋ ಬೂದಿ ಕಟ್ಟಿ ಮುಚ್ಚಿಹೋಗಿರುತ್ತದೆ. ಮೇಲೆದ್ದ ಜ್ವಾಲೆ ನೇರ ಕೊಪ್ಪರಿಗೆಯ ತಳಕ್ಕೆ ಬಡಿಯುತ್ತದೆ. ಒಳಗೆ ರಸ ಕುದಿಯುತ್ತಿರುವುದರಿಂದ ಆ ತಳ ಜ್ವಾಲೆಯ ಮಟ್ಟಿಗೆ ತಣ್ಣಗಿದೆ. ಪೂರ್ತಿ ಉರಿಯುವ ಮೊದಲೇ ಜ್ವಾಲೆ ಅಲ್ಲಿ ಆರಿ ಮಸಿಯಾಗುತ್ತದೆ. ಅರ್ಧ ನಿಮಿಷ ಕಳೆದರೆ ಅನಿಲ ಮುಗಿದಿರುತ್ತದೆ, ಗಾಳಿ ಮಾತ್ರ ಅದೇ ರಭಸದಲ್ಲಿ ಒಳಬರುತ್ತಲೇ ಇರುತ್ತದೆ, ಒಲೆಯನ್ನು ತಣ್ಣಗೆ ಮಾಡುತ್ತಲೇ ಇರುತ್ತದೆ. ಹೀಗೆ ಒಂದೇ ಒಲೆಯಲ್ಲಿ, ಒಂದೇ ನಿಮಿಷದಲ್ಲಿ, ಕೊರತೆಯೂ ಇದೆ, ಅತಿಯೂ ಇದೆ.

ಈ ರೋಗಕ್ಕೆ ಆಮ್ಲಜನಕದ ನಳಿಗೆ ಇಟ್ಟರೆ ಏನಾಗುತ್ತದೆ? ನಳಿಗೆಯ ಎದುರು ಒಂದು ಕಡೆ ಜ್ವಾಲೆ ಬೆಳ್ಳಗೆ ಉರಿಯುತ್ತದೆ, ನೋಡಲು ಚೆನ್ನ. ಆದರೆ ಕಂತೆ ತುರುಕುವ ಕ್ರಮ ಬದಲಾಗಿಲ್ಲ, ಬಾಯಿ ತೆರೆದೇ ಇದೆ, ಕೊಪ್ಪರಿಗೆಯ ತಳ ಅಷ್ಟೇ ತಣ್ಣಗಿದೆ. ಕಬ್ಬಿನ ಬೂದಿಯಲ್ಲಿ ಪೊಟ್ಯಾಶ್ ಮತ್ತು ಸಿಲಿಕಾ ಇರುತ್ತವೆ, ಕಬ್ಬಿನ ಒಣಗರಿಯಾದ ರವದಿ ಬೆರೆಸಿ ಉರಿಸಿದರೆ ಇನ್ನೂ ಹೆಚ್ಚು. ಜ್ವಾಲೆ ತೀಕ್ಷ್ಣವಾದಷ್ಟೂ ಆ ಬೂದಿ ಕರಗಿ ಗಾಜಿನಂತೆ ಜಾಳಿಗೆಗೆ ಅಂಟುತ್ತದೆ. ಗಾಳಿಯ ದಾರಿ ಮತ್ತಷ್ಟು ಮುಚ್ಚುತ್ತದೆ. ಬಾಯ್ಲರಿನಲ್ಲಾದರೆ ಅದು ಸೂಪರ್‌ಹೀಟರ್ ಕೊಳವೆಗಳ ಮೇಲೆ ಕೂತು ಹಂಗಾಮಿನ ನಡುವೆ ಕಾರ್ಖಾನೆ ನಿಲ್ಲಿಸುತ್ತದೆ. ಜ್ವಾಲೆಯ ಬಿಸಿ 1,500 ಡಿಗ್ರಿ ದಾಟಿದ ಮೇಲೆ ಸಾರಜನಕದ ಆಕ್ಸೈಡುಗಳು ಭರದಿಂದ ಹುಟ್ಟುತ್ತವೆ, ಅದು ಬೇರೆಯದೇ ವಿಷ. ಎಲ್ಲಕ್ಕಿಂತ ಮೇಲೆ, ಜನರ ಜೀವ. ಆಮ್ಲಜನಕ ಹೆಚ್ಚಿದ ಗಾಳಿಯಲ್ಲಿ ಎಣ್ಣೆ ಮೆತ್ತಿದ ಬಟ್ಟೆ ಕಿಡಿ ತಗುಲಿದರೆ ಆರಿಸಲಾಗದಂತೆ ಹೊತ್ತಿಕೊಳ್ಳುತ್ತದೆ. 1967ರ ಜನವರಿಯಲ್ಲಿ ಅಮೆರಿಕದ ಅಪೊಲೊ 1 ನೌಕೆ ನೆಲದ ಮೇಲೆಯೇ ಪರೀಕ್ಷೆಯಲ್ಲಿದ್ದಾಗ, ಶುದ್ಧ ಆಮ್ಲಜನಕ ತುಂಬಿದ ಕೋಣೆಯಲ್ಲಿ ಬೆಂಕಿ ಬಿದ್ದು ಮೂವರು ಗಗನಯಾತ್ರಿಗಳು ಕ್ಷಣಾರ್ಧದಲ್ಲಿ ತೀರಿಹೋದರು. ಅಷ್ಟು ತಿಳಿವಳಿಕೆ, ಅಷ್ಟು ಶಿಸ್ತು ಇದ್ದಲ್ಲೂ ಹಾಗಾಯಿತು. ಸುತ್ತ ಒಣ ಸಿಪ್ಪೆಯ ಬಣವೆಗಳು, ಗಾಣಕ್ಕೆ ಹಾಕುವ ಗ್ರೀಸು, ಓಡಾಡುವ ಮಕ್ಕಳು ಇರುವ ಗಾಣದ ಅಂಗಳಕ್ಕೆ ಆಮ್ಲಜನಕದ ಸಿಲಿಂಡರು ತರುವ ಸಲಹೆಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಕೆಲಸ ಮಾಡಿ ತೋರಿಸಿದ ದಾರಿಗಳು ಬೇರೆಯೇ ಇವೆ, ಮತ್ತು ಅವೆಲ್ಲ ಗಾಳಿಯನ್ನೇ ನೆಚ್ಚಿಕೊಂಡವು. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ಒಂದು ಕೊಪ್ಪರಿಗೆಯ ಬದಲು ಎರಡು, ಮೂರು ಕೊಪ್ಪರಿಗೆಗಳ ಒಲೆಗಳನ್ನು ರೂಪಿಸಿತು. ಮೊದಲನೆಯದರ ಕೆಳಗಿನಿಂದ ಹೋದ ಬಿಸಿ ಅನಿಲ ಮುಂದಿನದರ ತಳ ಮುಟ್ಟಿ ಹಸಿ ರಸವನ್ನು ಕಾಯಿಸುತ್ತದೆ, ಚಿಮಣಿಗೆ ಹೋಗುವಾಗ ತಣಿದಿರುತ್ತದೆ. ಅನಿಲವನ್ನು ತಣಿಸಿದಷ್ಟೂ ಸಾರಜನಕದ ನಷ್ಟ ತಾನಾಗಿ ಇಳಿಯುತ್ತದೆ, ಅದನ್ನು ಗಾಳಿಯಿಂದ ಬೇರ್ಪಡಿಸುವ ಗೋಜೇ ಇಲ್ಲ. ಮಹಾರಾಷ್ಟ್ರದ್ದೇ ಆದ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಅನಿಲ ರಾಜವಂಶಿ ಮತ್ತು ಸಂಗಡಿಗರು ಕಬ್ಬಿನ ರವದಿ ಹಾಗೂ ಸಿಪ್ಪೆಯನ್ನು ಅನಿಲವಾಗಿಸುವ ಯಂತ್ರ ಮಾಡಿದರು. ಅಲ್ಲಿ ಕಡಿಮೆ ಗಾಳಿಯಲ್ಲಿ ಮೊದಲು ಅನಿಲ ತೆಗೆದು, ಆಮೇಲೆ ಆ ಅನಿಲಕ್ಕೆ ಬೇಕಾದಷ್ಟೇ ಗಾಳಿ ಬೆರೆಸಿ ಉರಿಸುತ್ತಾರೆ. ಬೆಲ್ಲದ ಒಲೆಯಲ್ಲಿ ಒಂದರ ಮೇಲೊಂದು ಗೋಜಲಾಗುವ ಎರಡು ಕೆಲಸಗಳನ್ನು ಅವರು ಬೇರ್ಪಡಿಸಿದರು. ಅದು ಊರೂರಿಗೆ ಹರಡಲಿಲ್ಲ ಎಂಬುದು ಬೇಸರದ ಸಂಗತಿ, ಆದರೆ ಅದರ ಹಿಂದಿನ ಯೋಚನೆ ಸರಿಯಾಗಿತ್ತು.

ಇಟ್ಟಂಗಿ ಭಟ್ಟಿಯ ಕಥೆಯೂ ಅದೇ. ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರವರಿ 22ರ ಅಧಿಸೂಚನೆಯಲ್ಲಿ ಭಟ್ಟಿಗಳು ಝಿಗ್‌ಝಾಗ್ ಅಥವಾ ವರ್ಟಿಕಲ್ ಶಾಫ್ಟ್ ಪದ್ಧತಿಗೆ ಬದಲಾಗಬೇಕು, ಇಲ್ಲವೇ ಕೊಳವೆ ಅನಿಲ ಬಳಸಬೇಕು ಎಂದಿತು. ಝಿಗ್‌ಝಾಗ್ ಭಟ್ಟಿಯಲ್ಲಿ ಇಟ್ಟಂಗಿ ಜೋಡಿಸುವ ಕ್ರಮದಿಂದಲೇ ಗಾಳಿಯನ್ನು ಅಡ್ಡಾದಿಡ್ಡಿ ತಿರುಗಿಸುತ್ತಾರೆ, ಕಲ್ಲಿದ್ದಲನ್ನು ಸ್ವಲ್ಪಸ್ವಲ್ಪವಾಗಿ ಬಿಡದೆ ಹಾಕುತ್ತಾರೆ. ಅದೇ ಗಾಳಿ, ಅದೇ ಶೇ. 21 ಆಮ್ಲಜನಕ. ಕಲ್ಲಿದ್ದಲು ಐದನೇ ಒಂದು ಭಾಗದಷ್ಟು ಉಳಿಯುತ್ತದೆ, ಹೊಗೆಯ ಬಣ್ಣವೇ ಬದಲಾಗುತ್ತದೆ. ನಮ್ಮ ಗಡಿಯಲ್ಲಿ ಇನ್ನೂ ಎಷ್ಟೋ ಕಡೆ ಇಟ್ಟಂಗಿಯನ್ನು ಗುಡ್ಡೆ ಹಾಕಿ, ಸಂದಿಗೆ ಹೊಟ್ಟು, ಬಗ್ಯಾಸ್, ಕಲ್ಲಿದ್ದಲಿನ ಪುಡಿ ತುಂಬಿ ದಿನಗಟ್ಟಲೆ ಸುಡುತ್ತಾರೆ. ಅಂಥ ಗುಡ್ಡೆಭಟ್ಟಿಗೆ ಚಿಮಣಿಯೇ ಇಲ್ಲ. ಅಲ್ಲಿ ಆಮ್ಲಜನಕದ ಮಾತೆತ್ತುವುದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳ ಸಾಲೇ ಇದೆ.

ಒಂದು ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಂಗಾಮಿನ ಆರಂಭದಲ್ಲಿ ಅಕಾಲ ಮಳೆ ಬಿದ್ದು ಬಗ್ಯಾಸ್ ನೆಂದರೆ ಬಾಯ್ಲರಿನ ಬೆಂಕಿ ಉರಿಯುತ್ತ ಉಳಿಯುವುದೇ ಇಲ್ಲ, ಉಗಿಯ ಒತ್ತಡ ಬೀಳುತ್ತದೆ, ಗಾಣ ನಿಲ್ಲುತ್ತದೆ, ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಒಣಗುತ್ತವೆ. ಅಂಥ ಗಳಿಗೆಗಾದರೂ ಆಮ್ಲಜನಕ ಊದಿ ಜ್ವಾಲೆಯನ್ನು ಹಿಡಿದಿಡಬಾರದೇ? ಜ್ವಾಲೆ ಉಳಿಯುತ್ತದೆ, ನಿಜ. ಆದರೆ ಬಗ್ಯಾಸ್‌ನೊಳಗಿನ ನೀರು ಆಮ್ಲಜನಕದಿಂದ ಕರಗಿ ಮಾಯವಾಗುವುದಿಲ್ಲ, ಪ್ರತಿ ಕಿಲೋ ನೀರೂ ಆವಿಯಾಗಲು ತನ್ನ ಪಾಲಿನ ಶಾಖವನ್ನು ಕೇಳಿಯೇ ಕೇಳುತ್ತದೆ. ಅದೇ ಬಗ್ಯಾಸ್‌ನ ತೇವವನ್ನು ಶೇ. 50ರಿಂದ 40ಕ್ಕೆ ಇಳಿಸಿದರೆ ಕೈಗೆ ಸಿಗುವ ಶಾಖ ಶೇ. 5ರಷ್ಟು ಹೆಚ್ಚುತ್ತದೆ, ಜ್ವಾಲೆಯೂ ತಾನಾಗಿ ಉಳಿಯುತ್ತದೆ. ಗಾಳಿಯ ಸಾರಜನಕವನ್ನೆಲ್ಲ ತೆಗೆದುಹಾಕಿದರೆ ಸಿಗುತ್ತಿದ್ದ ಲಾಭಕ್ಕಿಂತ ಅದು ಕಡಿಮೆಯಲ್ಲ. ಒಣಗಿಸಲು ಬೇಕಾದ ಶಾಖ ಚಿಮಣಿಯಲ್ಲಿ ದಂಡವಾಗಿ ಹೋಗುತ್ತಲೇ ಇದೆ. ಗಾಣದ ಕೊನೆಯ ರೋಲರುಗಳನ್ನು ಸರಿಯಾಗಿ ಬಿಗಿದರೇ ತೇವ ಎರಡು ಮೂರು ಅಂಶ ಇಳಿಯುತ್ತದೆ, ಜೊತೆಗೆ ರಸದಲ್ಲಿ ಸಕ್ಕರೆಯೂ ಹೆಚ್ಚು ಸಿಗುತ್ತದೆ. ಬೆಲ್ಲದ ಗಾಣದವರಿಗೆ ಇದು ಹೊಸ ವಿಷಯವಲ್ಲ. ಸಿಪ್ಪೆಯನ್ನು ಬಿಸಿಲಿಗೆ ಹರವಿ, ತಿರುವಿ ಹಾಕಿ, ಒಣಗಿದ ಮೇಲೆಯೇ ಒಲೆಗೆ ತರುವ ಪದ್ಧತಿ ಅವರದು. 2016ರ ಬೇಸಿಗೆಯಲ್ಲಿ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ, ನಿಲಂಗಾ, ಉದಗೀರಗಳಿರುವ ಲಾತೂರು ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ.

ಆಮ್ಲಜನಕಕ್ಕೂ ಉರಿಗೂ ಈ ಸೀಮೆಯಲ್ಲಿ ಇರಬೇಕಾದ ಸಂಬಂಧ ಅಳತೆಯದು. ಚಿಮಣಿಯಲ್ಲಿ ಹೊರಹೋಗುತ್ತಿರುವ ಅನಿಲದಲ್ಲಿ ಉರಿಯದೆ ಉಳಿದ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಉಪಕರಣವಿದೆ, ಝಿರ್ಕೋನಿಯಾದ ಪುಟ್ಟ ತುದಿಯ ಕೊಳವೆ. ಅದು ಶೇ. 5 ತೋರಿಸಿದರೆ ಬೇಕಾದ್ದಕ್ಕಿಂತ ಶೇ. 30ರಷ್ಟು ಹೆಚ್ಚು ಗಾಳಿ ಬರುತ್ತಿದೆ ಎಂದರ್ಥ, ಬಗ್ಯಾಸ್ ಬಾಯ್ಲರಿಗೆ ಅದು ಸರಿಯಾದ ಮಟ್ಟ. ಶೇ. 10 ತೋರಿಸಿದರೆ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟು. ಶೇ. 14 ಆದರೆ ಮೂರು ಪಟ್ಟು. ಒಲೆಗೆ ಆಮ್ಲಜನಕ ಸಾಲದೆ ಹೊಗೆ ಬರುತ್ತಿದೆ ಎಂದು ನಂಬಿದವರು ಈ ಅಂಕಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 17 ಅತಿ ಮಾಲಿನ್ಯಕಾರಿ ಉದ್ಯಮಗಳ ಪಟ್ಟಿಯಲ್ಲಿ ಸಕ್ಕರೆಯೂ ಇದೆ, ಆದ್ದರಿಂದ ಕಾರ್ಖಾನೆಗಳ ಚಿಮಣಿಗೆ ಸದಾ ಅಳೆಯುವ ಯಂತ್ರಗಳು ಬಂದಿವೆ. ಅವು ಮುಖ್ಯವಾಗಿ ದೂಳಿನ ಲೆಕ್ಕ ಕೊಡುತ್ತವೆ. ಗಾಳಿಯ ಲೆಕ್ಕ ಬಾಯ್ಲರ್ ಮನೆಯೊಳಗೇ ಉಳಿಯುತ್ತದೆ. ಸಹಕಾರಿ ಕಾರ್ಖಾನೆಯ ವಾರ್ಷಿಕ ವರದಿಯಲ್ಲಿ ಕಬ್ಬು ಎಷ್ಟು ಅರೆದರು, ಇಳುವರಿ ಎಷ್ಟು ಬಂತು ಎಂಬ ಅಂಕಿಗಳ ಪಕ್ಕದಲ್ಲಿ ಬಗ್ಯಾಸ್‌ನ ತೇವವೆಷ್ಟು, ಚಿಮಣಿಯ ಆಮ್ಲಜನಕ ಶೇಕಡಾ ಎಷ್ಟು ಎಂದು ತಿಂಗಳವಾರು ಅಚ್ಚಾಗಬೇಕು. ಬಗ್ಯಾಸ್ ರೈತನ ಕಬ್ಬಿನದೇ ಸಿಪ್ಪೆ, ಉಳಿದರೆ ಕಾಗದದ ಗಿರಣಿಗೋ ವಿದ್ಯುತ್ತಿಗೋ ಮಾರಾಟವಾಗುವ ಸರಕು. ಸಭೆಯಲ್ಲಿ ಎದ್ದು ನಿಂತು ಈ ಎರಡು ಅಂಕಿಗಳನ್ನು ಕೇಳುವ ಹಕ್ಕು ಪ್ರತಿ ಸದಸ್ಯನಿಗೆ ಇದೆ.

ಗಾಣದವರಿಗೆ ಅಂಥ ಉಪಕರಣ ಒಬ್ಬೊಬ್ಬರೇ ಕೊಳ್ಳುವುದು ಆಗದ ಮಾತು. ಕೈಯಲ್ಲಿ ಹಿಡಿದು ಒಯ್ಯುವ ಒಂದು ಯಂತ್ರವನ್ನು ತಾಲೂಕಿಗೆ ಒಂದರಂತೆ ಕೃಷಿ ವಿಜ್ಞಾನ ಕೇಂದ್ರಗಳು ಇಟ್ಟುಕೊಂಡು, ಹಂಗಾಮಿನಲ್ಲಿ ಗಾಣದಿಂದ ಗಾಣಕ್ಕೆ ತಿರುಗಿಸಬಹುದು. ಅಳತೆಯನ್ನು ಎರಡು ಸಲ ತೆಗೆಯಬೇಕು: ಕಂತೆ ತುರುಕಿದ ಕೂಡಲೇ ಒಮ್ಮೆ, ಒಂದು ನಿಮಿಷ ಕಳೆದ ಮೇಲೆ ಇನ್ನೊಮ್ಮೆ. ಮೊದಲನೆಯದು ಕಡಿಮೆ ಬಂದು ಎರಡನೆಯದು ಹದಿನೈದರ ಹತ್ತಿರ ಹೋದರೆ ಡ್ಯಾಂಪರನ್ನು ಮೂರನೇ ಒಂದು ಭಾಗ ಇಳಿಸಿ, ಕಂತೆಯನ್ನು ಅರ್ಧ ಮಾಡಿ ಎರಡು ಪಟ್ಟು ಸಲ ಹಾಕಿ, ಮತ್ತೆ ಅಳೆಯಬೇಕು.